ವಾಸಿಯಾದ ಸಂಶಯ

ಸ್ಕಿಜೋಫ್ರೇನಿಯಾ ಹತೋಟಿಗೆ ಬಂದಿದೆಯೆಂದು ವೈದ್ಯರು ಒಪ್ಪಿದರೆ ಅಡಿವೆಪ್ಪ ಮತ್ತೆ ಬಸ್ ಡಿಪೋದ ಕೆಲಸಕ್ಕೆ ಹೋಗಬಹುದಿತ್ತು. ಗುಳಿಗೆ ಕೊಟ್ಟಾಗಲೆಲ್ಲ ಉಗುಳಿದ್ದ ಅವನು, ತಾನಾಗಿಯೇ ಗುಣವಾದೆನೆಂಬ ಹೆಮ್ಮೆಯಿಂದ ಹೆಂಡತಿ ಕಸ್ತೂರಿಯ ಜೊತೆ ಬಂದು ವೈದ್ಯರೆದುರು ಕೂತ.

"ಕಿವ್ಯಾಗ ಈಗೂ ಯಾರರ ಮಾತಾಡ್ತಾರೇನು?" ವೈದ್ಯರು ಕೇಳಿದರು.

"ಇಲ್ರಿ ಸಾಹೇಬ್ರ. ನಿಂತು ಭಾಳ ದಿನ ಆತು."

"ಹೆಂಡ್ತಿ ಊಟದಾಗ ಏನೋ ಬೆರಸ್ತಾಳ ಅಂತಿದ್ರಿ?"

ಅಡಿವೆಪ್ಪ ತಲೆ ತಗ್ಗಿಸಿದ. "ಅದು ನನ್ನ ರೋಗದ ಮಾತ್ರಿ. ಆ ಸಂಶಯಕ್ಕ ಬಿಸಿ ಸಾರು ಆಕಿ ಕೈಮ್ಯಾಲೆ ಚೆಲ್ಲಿದ್ದೆ. ಮೊನ್ನೆ ಕಾಲು ಹಿಡಕೊಂಡು ತಪ್ಪಾತು ಅಂದೆ. ಆಕಿ ಅಳಕೋತ ಕುಂತ್ಲು. ಈಗ ಆಕಿ ನೀಡಿದ್ದು ಕಣ್ಣ ಮುಚ್ಚಿ ಉಣ್ತೀನ್ರಿ."

ವೈದ್ಯರು ನಕ್ಕು ಅವನ ಬೆನ್ನು ತಟ್ಟಿದರು. "ಆರಾಮಾಗೀರಿ. ಕೆಲಸಕ್ಕ ಹೋಗ್ರಿ."

ಅವನು ಕೈಮುಗಿದು ಹೊರಬಂದು ಚಪ್ಪಲಿ ಮೆಟ್ಟುತ್ತಿದ್ದ. ಒಳಗೇ ಉಳಿದಿದ್ದ ಕಸ್ತೂರಿ ದನಿ ತಗ್ಗಿಸಿ ಕೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಹಂಗಾರ ಸಾಹೇಬ್ರ, ನೀವು ಹೇಳಿದಂಗ ಗುಳಿಗಿ ಪುಡಿ ಮಾಡಿ ಸಾರಿನಾಗ ಹಾಕೂದು ಇನ್ನ ಬಿಡ್ಲೇನ್ರಿ?"