ವಿಷಮುಕ್ತ ನಗರ

ಕಂಪ್ಯೂಟರಿನ ಕಡತದಲ್ಲಿ ಅಳಿಸಿದ್ದೆಲ್ಲ ಊರಿನಿಂದಲೂ ಅಳಿಸಿಹೋಗುತ್ತಿದ್ದ ಕಾಲ. ನಗರಸಭೆಯ ಆಯುಕ್ತರಿಗೆ ಊರನ್ನು ವಿಷಮುಕ್ತ ಮಾಡುವ ಹುಮ್ಮಸ್ಸು ಬಂತು.

"ಕಡತದಲ್ಲಿ 'ವಿಷ' ಎಲ್ಲೆಲ್ಲಿದೆಯೋ, ಒಂದೇ ಕಮಾಂಡಲ್ಲಿ ತೆಗೀರಿ."

"ಮೂಲಕ್ಕೇ ಕೈ ಹಾಕೋದು ಸಾರ್, ಒಂದು ನಕಲು ಇಟ್ಕೊಳ್ಳಲಾ?" ಎಂದಳು ಗುಮಾಸ್ತೆ ಅಂಬುಜಾಕ್ಷಿ.

"ನಕಲಲ್ಲಿ ವಿಷ ಉಳಿಯಲ್ವೇನ್ರೀ? ಒತ್ತಿ!"

ಒತ್ತಿದಳು. ನಾಗರಹಾವುಗಳೆಲ್ಲ ಸಾಧುವಾದವು. ಆಯುಕ್ತರು ವಿಜಯದ ಸಭೆ ಕರೆದರು. 'ವಿಷಯ'ದೊಳಗಿನ ವಿಷವೂ ಹೋಗಿ ಬರೀ 'ಯ' ಉಳಿದಿತ್ತು. ಅವರ ಭಾಷಣದಲ್ಲಿ ವಿಷಯವಿಲ್ಲವೆಂದು ಯಾರಿಗೂ ಅನ್ನಿಸಲಿಲ್ಲ, ಹಿಂದೆಯೂ ಇರುತ್ತಿರಲಿಲ್ಲವಲ್ಲ.

"ಇನ್ನು ನಮ್ಮೂರಿನ ಭ್ಯ..." ಆಯುಕ್ತರು ತಡವರಿಸಿದರು. "ಅದೇನ್ರೀ ಆ ಪದ, ಮುಂದಿನ ದಿನಗಳಿಗೆ ಅಂತೀವಲ್ಲ?"

ಅಂಬುಜಾಕ್ಷಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಇಂದಿನ ತಾರೀಖಿನಾಚೆ ಬರೀ ಬಿಳಿ ಹಾಳೆ.

"ಅದರೊಳಗೂ ವಿಷ ಇತ್ತು ಸಾರ್."