ಯಾವ ಬಣ್ಣದ್ದು ಕೊಡಲಿ?

ಹಾಡು ಕೇಳುವ ಪುಟ್ಟ ಪ್ಲೇಯರ್ ಕೊಳ್ಳಲು ಸುಮಂಗಲಾ ಗಂಡನೊಂದಿಗೆ ಹತ್ತಿದ ಮೂರನೆಯ ಅಂಗಡಿ ಅದು. ಅವಳ ಕೈಯಲ್ಲಿದ್ದ ಬಿಳಿ ಕೋಲು ಕಂಡದ್ದೇ, ಅಂಗಡಿಯವನು ಅವಳನ್ನು ಬಿಟ್ಟು, ಅವಳ ಹೆಗಲು ಹಿಡಿದು ನಿಂತಿದ್ದ ಗಂಡನೊಡನೆ ಮಾತಿಗಿಳಿದ.

"ಇದು ಟಚ್ ಐತಿ ಸರ್, ಭಾಳ ಚಲೋ."

"ನನಗ ಕೈಗೆ ಹತ್ತೋ ಗುಂಡಿ ಇರೋದು ಬೇಕು. ಹಾಡಿನ ಹೆಸರು ಅದೇ ಓದಿ ಹೇಳಬೇಕು," ಎಂದಳು ಸುಮಂಗಲಾ.

"ಸರ್, ಮೇಡಂಗೆ ಯಾವ ಬಣ್ಣ ಸೇರತೈತಿ?"

"ನಾನು ಇಲ್ಲೇ ಅದೀನಿ! ನನ್ನ ಕೇಳ್ರಿ!" ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು.

"ಸಿಟ್ಟ್ಯಾಕ್ರಿ ಅಕ್ಕಾರ? ಸರ್, ನೀವೇ ನೋಡಿ ಒಂದು ಆರಿಸಿ ಕೊಡ್ರಿ."

ಆಗ ಗಂಡ ಬಾಯಿ ತೆರೆದ.

"ಆಕೀನ್ನೇ ಕೇಳ್ರಿ. ಆಕಿಗೆ ಬೆಳಕಾದರೂ ಕಾಣತೈತಿ, ನನಗ ಅದೂ ಇಲ್ಲ."