ಕಪ್ಪು ಕೊಕ್ಕರೆಯ ಮೊದಲ ದಾಖಲೆ

“ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟೋನಿಗೆ ನೀರುಕಾಗೆನೂ ಕಪ್ಪು ಕೊಕ್ಕರೆ ಥರಾನೇ ಕಾಣ್ಸತ್ತೆ,” ಎಂದರು ಮೇಷ್ಟ್ರು. ಭಾನುವಾರದ ಹಕ್ಕಿ ನೋಡುವ ಗುಂಪು ಪೂರ್ತಿ ನಕ್ಕಿತು.

ಕೆರೆಯ ಪಟ್ಟಿಗೆ ಹೊಸ ಹಕ್ಕಿ ಸೇರಿದರೆ, ಮೊದಲು ಕಂಡವರ ಹೆಸರನ್ನೂ ಮೇಷ್ಟ್ರು ಬರೆಯುತ್ತಿದ್ದರು. ನನಗೆ ಬೇಕಾಗಿದ್ದು ಅಷ್ಟೇ.

“ಕೊಕ್ಕು, ಕಾಲು ಕೆಂಪಗಿತ್ತು ಸಾರ್. ಹೊಟ್ಟೆ ಬೆಳ್ಳಗಿತ್ತು.”

“ಫೋಟೊ ಎಲ್ಲಪ್ಪಾ?”

“ಇಲ್ಲ ಸಾರ್.”

“ಹಾಗಾದ್ರೆ ಹಕ್ಕಿನೂ ಇಲ್ಲ. ಅಂದಹಾಗೆ, ಎಲ್ಲಿ ಕಂಡಿದ್ದು?”

“ತೂಬಿನ ಹಿಂದೆ, ಜೊಂಡಿನ ಹತ್ರ.”

ಮತ್ತೆ ನಗು.

ಮರುದಿನ ಬೆಳಕು ಹರಿಯುವ ಹೊತ್ತಿಗೆ, ಗೆಳೆಯನ ಕ್ಯಾಮೆರಾ ಬೇಡಿ ತಂದು ಜೊಂಡಿನೊಳಗೆ ತೆವಳಿದೆ. ಅಲ್ಲಿ ಮೇಷ್ಟ್ರು ಆಗಲೇ ಕ್ಯಾಮೆರಾ ಹಿಡಿದು ಮಲಗಿದ್ದರು.

“ಶ್! ಈ ಕೆರೆಗೆ ಮೊದಲ್ನೇ ದಾಖಲೆ ನಂದೇ ಕಣೋ. ಅಲ್ಲಾಡ್ಬೇಡ, ಹಾರೋಗತ್ತೆ,” ಎಂದು ಪಿಸುಗುಟ್ಟಿದರು.

ನಾನು ನೆಟ್ಟಗೆ ಎದ್ದು ನಿಂತು, ನಡೆದುಹೋದೆ.